ಸುಂಕವಿಲ್ಲದ ಮಳಿಗೆಯಲ್ಲಿ ಬೆಲೆ ಏಕೆ ಇಳಿಯುವುದಿಲ್ಲ?

ಪ್ರಶ್ನೆ: ವಿಮಾನ ನಿಲ್ದಾಣದ ಡ್ಯೂಟಿ ಫ್ರೀ ಮಳಿಗೆಗಳಲ್ಲಿ ಸುಂಕವಿಲ್ಲ ಎನ್ನುತ್ತಾರೆ. ಆದರೂ ಎಷ್ಟೋ ವಸ್ತುಗಳು ಹೊರಗಿನ ಅಂಗಡಿಗಿಂತ ಅಗ್ಗವಾಗಿ ಕಾಣುವುದಿಲ್ಲ. ಉಳಿದ ಹಣ ಯಾರ ಪಾಲಾಗುತ್ತದೆ?

ಉತ್ತರ: ಸರ್ಕಾರ ಬಿಟ್ಟುಕೊಟ್ಟ ಸುಂಕವೆಲ್ಲ ಗಿರಾಕಿಯ ಜೇಬಿನಲ್ಲಿ ಉಳಿಯುವುದಿಲ್ಲ, ಅದರಲ್ಲಿ ಗಣನೀಯ ಪಾಲು ವಿಮಾನ ನಿಲ್ದಾಣಕ್ಕೆ ಸೇರುತ್ತದೆ. ಮಳಿಗೆ ನಡೆಸುವವರು ಸಾಮಾನ್ಯವಾಗಿ ಟೆಂಡರಿನಲ್ಲಿ ಗೆದ್ದು ಬಂದ ಗುತ್ತಿಗೆದಾರರು. ಅವರು ಒಟ್ಟು ಮಾರಾಟದಲ್ಲಿ ಇಂತಿಷ್ಟು ಶೇಕಡಾ ಎಂದು ನಿಲ್ದಾಣಕ್ಕೆ ಕೊಡಬೇಕು. ಅನೇಕ ಕರಾರುಗಳಲ್ಲಿ, ವ್ಯಾಪಾರ ನಡೆಯಲಿ ಬಿಡಲಿ, ಕಟ್ಟಲೇಬೇಕಾದ ಕನಿಷ್ಠ ಮೊತ್ತವೂ ನಿಗದಿಯಾಗಿರುತ್ತದೆ. ಲಾಭದ ಮೇಲಲ್ಲದೆ ಮಾರಾಟದ ಮೇಲೆಯೇ ಪಾಲು ಹೋಗುವುದರಿಂದ ಅದು ನೇರವಾಗಿ ಬೆಲೆಯೊಳಗೆ ಸೇರಿಕೊಳ್ಳುತ್ತದೆ. ಹೊರಗೆ ಭಾರಿ ತೆರಿಗೆ ಬೀಳುವ ಮದ್ಯ ಮತ್ತು ಸಿಗರೇಟಿನಲ್ಲಿ ಈ ಪಾಲು ಕಳೆದ ಮೇಲೂ ಉಳಿತಾಯ ಕಾಣಬಹುದು. ಮೊದಲೇ ತೆರಿಗೆ ಕಡಿಮೆಯಿರುವ ಚಾಕೊಲೇಟಿನಲ್ಲಿಯೋ ಹೆಡ್‌ಫೋನಿನಲ್ಲಿಯೋ ಕಳೆಯುವುದಕ್ಕೇ ಹೆಚ್ಚೇನೂ ಇರುವುದಿಲ್ಲ.

ಹಾಗಿದ್ದರೂ ಜನ ಏಕೆ ಕೊಳ್ಳುತ್ತಾರೆ? ಈ ವ್ಯಾಪಾರದ ನಿಜವಾದ ಬಂಡವಾಳ ಸುಂಕದ ವಿನಾಯಿತಿಗಿಂತ ಪ್ರಯಾಣಿಕರ ಕಾಯುವಿಕೆ ಎಂಬುದು ನನ್ನ ಅಭಿಪ್ರಾಯ. 1947ರಲ್ಲಿ ಬ್ರೆಂಡನ್ ಓ'ರೀಗನ್ ಐರ್ಲೆಂಡಿನ ಶಾನನ್ ನಿಲ್ದಾಣದಲ್ಲಿ ಮೊದಲ ಡ್ಯೂಟಿ ಫ್ರೀ ಮಳಿಗೆ ತೆರೆದಾಗ ಅವರ ಗಿರಾಕಿಗಳು, ಅಟ್ಲಾಂಟಿಕ್ ದಾಟುವ ವಿಮಾನಗಳು ಇಂಧನ ತುಂಬಿಸಿಕೊಳ್ಳುವವರೆಗೆ ಬೇರೆ ಕೆಲಸವಿಲ್ಲದೆ ಕುಳಿತಿದ್ದವರು. 1999ರ ಮಧ್ಯಭಾಗದಲ್ಲಿ ಐರೋಪ್ಯ ಒಕ್ಕೂಟದ ದೇಶಗಳ ನಡುವಿನ ಪ್ರಯಾಣಕ್ಕೆ ಈ ವಿನಾಯಿತಿ ರದ್ದಾಯಿತು. ಆದರೆ ಅಲ್ಲಿನ ನಿಲ್ದಾಣಗಳ ಅಂಗಡಿಗಳು ಬಾಗಿಲು ಹಾಕಲಿಲ್ಲ. ಭದ್ರತಾ ತಪಾಸಣೆಯ ಆತಂಕ ಕಳೆದು ವಿಮಾನವೇರುವ ಕರೆ ಬರುವವರೆಗಿನ ಬಿಡುವಿನಲ್ಲಿ ಮನಸ್ಸು ಸಡಿಲವಾಗುತ್ತದೆ ಎಂಬುದು ನಿಲ್ದಾಣಗಳಿಗೆ ಚೆನ್ನಾಗಿ ಗೊತ್ತು. ತಪಾಸಣೆ ಮುಗಿಸಿದವರು ಸುಗಂಧದ್ರವ್ಯಗಳ ಸಾಲುಗಳ ನಡುವೆ ಬಳಸಿಕೊಂಡೇ ಗೇಟಿನತ್ತ ಸಾಗುವಂತೆ ದಾರಿಯನ್ನು ರೂಪಿಸುವುದು ಇದಕ್ಕಾಗಿಯೇ. 2006ರ ಆಗಸ್ಟಿನ ನಂತರ, ಕೈಚೀಲದಲ್ಲಿ ಒಯ್ಯುವ ದ್ರವಗಳಿಗೆ ಬಂದ 100 ಮಿಲಿಲೀಟರಿನ ಮಿತಿಯಿಂದ ನೀರಿನ ಬಾಟಲಿಯ ವ್ಯಾಪಾರವೂ ಒಳಗಿನ ಅಂಗಡಿಗಳ ಪಾಲಾಯಿತು.

ವಿಮಾನಯಾನ ಸಂಸ್ಥೆಗಳಿಗೆ ಸಾಮಾನ್ಯವಾಗಿ ಈ ಆದಾಯದಲ್ಲಿ ನೇರ ಪಾಲಿಲ್ಲ. ಆದರೆ ‘ಸಿಂಗಲ್ ಟಿಲ್’ ಪದ್ಧತಿಯಿರುವಲ್ಲಿ ಅಂಗಡಿ ಮತ್ತು ಪಾರ್ಕಿಂಗ್ ಆದಾಯವನ್ನೂ ಲೆಕ್ಕಕ್ಕೆ ಹಿಡಿದು, ಅವು ಕಟ್ಟಬೇಕಾದ ವಿಮಾನ ಇಳಿಸುವ ಶುಲ್ಕವನ್ನು ಅಷ್ಟರ ಮಟ್ಟಿಗೆ ಕಡಿಮೆ ನಿಗದಿಪಡಿಸುತ್ತಾರೆ. ಅಂದರೆ ನೀವು ಕೊಂಡ ಸುಗಂಧದ ಬಾಟಲಿ ಪಕ್ಕದವರ ಟಿಕೆಟ್ಟಿನ ಖರ್ಚನ್ನೂ ಸ್ವಲ್ಪ ಹೊರುತ್ತದೆ. ‘ಡ್ಯುಯಲ್ ಟಿಲ್’ ಪದ್ಧತಿಯಲ್ಲಿ ಎರಡೂ ಲೆಕ್ಕ ಬೇರೆ ಬೇರೆ. ಕೈಚೀಲದ ವಿಷಯದಲ್ಲಂತೂ ಎರಡೂ ಕಡೆಯವರ ಹಿತಾಸಕ್ತಿ ಡಿಕ್ಕಿ ಹೊಡೆಯುತ್ತದೆ: ಒಂದೇ ಚೀಲವೆಂದು ಕಟ್ಟುನಿಟ್ಟು ಮಾಡುವ ಅಗ್ಗದ ವಿಮಾನಯಾನ ಸಂಸ್ಥೆ ಡ್ಯೂಟಿ ಫ್ರೀ ಚೀಲವನ್ನೂ ಎಣಿಸಿದರೆ ನಷ್ಟವಾಗುವುದು ನಿಲ್ದಾಣಕ್ಕೆ.

ಕೊಳ್ಳುವ ಮುನ್ನ ಅಳತೆಯನ್ನು ನೋಡಿ. ಹೊರಗೆ 700 ಅಥವಾ 750 ಮಿಲಿಲೀಟರಿನಲ್ಲಿ ಸಿಗುವ ಮದ್ಯ ಇಲ್ಲಿ ಹೆಚ್ಚಾಗಿ ಒಂದು ಲೀಟರಿನ ಬಾಟಲಿಯಲ್ಲಿರುತ್ತದೆ; ಪ್ರಯಾಣಿಕರಿಗೆಂದೇ ತಯಾರಿಸಿದ ಕೆಲವು ಪೊಟ್ಟಣಗಳು ಹೊರಗೆ ಸಿಗುವುದೇ ಇಲ್ಲವಾದ್ದರಿಂದ ಅವುಗಳ ಬೆಲೆಯನ್ನು ಹೋಲಿಸಲು ಪ್ರತಿ ಮಿಲಿಲೀಟರಿನ ಅಥವಾ ಪ್ರತಿ ಗ್ರಾಮಿನ ಲೆಕ್ಕವನ್ನೇ ಹಾಕಬೇಕಾಗುತ್ತದೆ.