ಜರ್ಮನ್ ಬಾಲ ಹಚ್ಚಿಕೊಂಡ ‘ಕೂಲ್’

‘ಕೂಲ್’ ಅನ್ನೋ ಪದ ಗೊತ್ತಿಲ್ಲದ ಹುಡುಗರು ಇವತ್ತು ಯುರೋಪಿನಲ್ಲಿ ಸಿಗೋದು ಕಷ್ಟ. 1940ರ ದಶಕದಲ್ಲಿ ಅಮೆರಿಕದ ಕಪ್ಪು ಜನರ ಮಾತಿನಿಂದ, ಅದರಲ್ಲೂ ಜಾಝ್ ವಾದ್ಯಗಾರರ ಬಳಗದಿಂದ ಹರಡಿದ ಪದ ಇದು. ಸಮುದ್ರ ದಾಟಿ ಬಂದ ಮೇಲೆ ಒಂದೊಂದು ಭಾಷೆಯ ವ್ಯಾಕರಣವೂ ಅದನ್ನು ಒಂದೊಂದು ರೀತಿ ನಡೆಸಿಕೊಂಡಿತು.

ಭಾಷೆಗಳು ಎರವಲು ತರುವಾಗ ಹೆಚ್ಚಾಗಿ ತರುವುದು ನಾಮಪದಗಳನ್ನು. ಅಮೆರಿಕಕ್ಕೆ ವಲಸೆ ಹೋದ ನಾರ್ವೆಯವರ ಮಾತನ್ನು ಅಧ್ಯಯನ ಮಾಡಿದ ಐನಾರ್ ಹೌಗೆನ್ 1950ರಲ್ಲಿ ಒಂದು ಲೆಕ್ಕ ಕೊಟ್ಟರು. ಆ ವಲಸಿಗರು ಇಂಗ್ಲಿಷಿನಿಂದ ಎತ್ತಿಕೊಂಡ ಪದಗಳಲ್ಲಿ ನೂರಕ್ಕೆ ಸುಮಾರು 75 ನಾಮಪದಗಳು. ಗುಣವಾಚಕಗಳು ಮೂರೋ ನಾಲ್ಕೋ ಅಷ್ಟೇ.

ಬಂದ ಗುಣವಾಚಕಕ್ಕೂ ಪಾಡು ತಪ್ಪಿದ್ದಲ್ಲ. ನಮಗೆ ಇದು ಬೇಗ ಹೊಳೆಯುವುದಿಲ್ಲ. ಒಳ್ಳೆಯ ಹುಡುಗ, ಒಳ್ಳೆಯ ಹುಡುಗಿ, ಒಳ್ಳೆಯ ಮನೆ: ಕನ್ನಡದ ‘ಒಳ್ಳೆಯ’ ಕೂತಲ್ಲಿಂದ ಅಲ್ಲಾಡುವುದಿಲ್ಲ. ಜರ್ಮನ್ ಭಾಷೆಯಲ್ಲಿ ಹಾಗಲ್ಲ. ಮುಂದೆ ಬರುವ ನಾಮಪದದ ಲಿಂಗ, ವಚನ, ವಿಭಕ್ತಿ ಎಲ್ಲ ನೋಡಿಕೊಂಡು ಗುಣವಾಚಕ ತನ್ನ ಬಾಲ ಬದಲಿಸಬೇಕು. ಆದರೆ ಒಂದು ಹಿಂಬಾಗಿಲು ಇದೆ. ‘ಅದು ಕೂಲ್’ ಎಂಬಂಥ ವಾಕ್ಯದಲ್ಲಿ, ಅಂದರೆ ‘ದಸ್ ಇಸ್ಟ್ ಕೂಲ್’ ಅನ್ನುವಾಗ, ಯಾವ ಪ್ರತ್ಯಯವೂ ಬೇಡ. ಹೊಸ ಪದಕ್ಕೆ ಒಳಗೆ ನುಸುಳಲು ಇದು ಸುಲಭದ ದಾರಿ.

ಕೂಲ್ ಅಲ್ಲಿಗೇ ನಿಲ್ಲಲಿಲ್ಲ. ಈಗ ಗಂಡಸಾದರೆ ‘ಐನ್ ಕೂಲರ್ ಟ್ಯೂಪ್’, ಹೆಂಗಸಾದರೆ ‘ಐನೆ ಕೂಲೆ ಫ್ರೌ’, ಕಾರಾದರೆ ‘ಐನ್ ಕೂಲೆಸ್ ಔಟೊ’. ಈ ‘ಕೂಲರ್’ ನೋಡಿ ಇಂಗ್ಲಿಷ್ ಬಲ್ಲವರು ‘ಇನ್ನೂ ಕೂಲ್’ ಅಂದುಕೊಳ್ಳಬಹುದು. ಇಲ್ಲಿ ಅದು ಬರೀ ಪುಲ್ಲಿಂಗದ ಗುರುತು. ‘ಇನ್ನೂ ಕೂಲ್ ಆದ ಹುಡುಗ’ ಅನ್ನಬೇಕಾದರೆ ‘ಕೂಲರರ್’ ಆಗುತ್ತದೆ. ಮೊದಲ ‘ಅರ್’ ಹೋಲಿಕೆಗೆ, ಎರಡನೆಯದು ಲಿಂಗಕ್ಕೆ. ನಾಲಿಗೆ ತೊಡರಿದರೂ ವ್ಯಾಕರಣ ಬಿಡಬೇಕಲ್ಲ!

ಎಲ್ಲ ಪದಗಳಿಗೂ ಈ ಯೋಗವಿಲ್ಲ. ‘ಸೆಕ್ಸಿ’ ಕೂಡ ಜರ್ಮನ್ ಸೇರಿ ಬಹಳ ಕಾಲವಾಯಿತು, ಆದರೂ ನಾಮಪದಕ್ಕಿಂತ ಮೊದಲು ಬಂದಾಗ ಅದಕ್ಕೆ ಬಾಲವಿಲ್ಲ. ಕೊನೆಯಲ್ಲಿ ಸ್ವರವಿದೆ, ಅದಕ್ಕೆ ಇನ್ನೊಂದು ಸ್ವರ ಅಂಟಿಸುವುದು ಕಷ್ಟ. ಗುಲಾಬಿ ಬಣ್ಣಕ್ಕೆ ಹೇಳುವ ‘ರೋಸಾ’ಕ್ಕೂ ಶಿಷ್ಟ ಜರ್ಮನ್‌ನಲ್ಲಿ ಇದೇ ಕಥೆ.

ಇನ್ನೊಂದು ತಮಾಷೆ ಇದೆ. ಜರ್ಮನ್‌ನಲ್ಲಿ ಮೊದಲಿಂದಲೂ ‘ಕ್ಯೂಲ್’ ಎಂಬ ಪದವಿತ್ತು. ಇಂಗ್ಲಿಷಿನ ಕೂಲ್‌ಗೆ ಅದು ದಾಯಾದಿ. ಒಂದೇ ಬೇರಿನಿಂದ ಬಂದವು ಎರಡೂ. ತಣ್ಣಗಿನ ಬಿಯರ್ ಬೇಕಾದರೆ ಜರ್ಮನ್ನರು ಕೇಳುವುದು ‘ಕ್ಯೂಲೆಸ್ ಬಿಯರ್’. ‘ಕೂಲೆಸ್ ಬಿಯರ್’ ಅಂದರೆ ಶೋಕಿಯ ಬಿಯರ್ ಅಂದ ಹಾಗಾಗುತ್ತದೆ. ಇಂಗ್ಲಿಷಿನಲ್ಲಿ ಹವೆಗೂ ಪಾನಕಕ್ಕೂ ಮನುಷ್ಯನಿಗೂ ಒಂದೇ ಪದ. ಎರವಲಾಗಿ ಹೋದದ್ದು ಮನುಷ್ಯನಿಗೆ, ಮೆಚ್ಚುಗೆಗೆ ಅಂಟಿಕೊಂಡ ಅರ್ಥ ಮಾತ್ರ. ಐಸ್‌ಲ್ಯಾಂಡಿನವರು ಇನ್ನೊಂದು ದಾರಿಯನ್ನೂ ಹಿಡಿದರು. ತಂಪು ಎಂಬ ಅರ್ಥದ ತಮ್ಮದೇ ಹಳೆಯ ಪದ ‘ಸ್ವಾಲುರ್’ಗೇ ಹೊಸ ಅರ್ಥವನ್ನೂ ಹೊರಿಸಿದರು.

ಸ್ವೀಡಿಶ್‌ನಲ್ಲಿ ಹಿಂಬಾಗಿಲೂ ಇಲ್ಲ. ‘ಅದು ಕೂಲ್’ ಅನ್ನಲೂ ‘ಕೂಲ್ಟ್’ ಅನ್ನಲೇಬೇಕು. ನಾರ್ವೆಯವರಂತೂ ಕಾಗುಣಿತವನ್ನೇ ತಮ್ಮದಾಗಿಸಿಕೊಂಡರು. ಇಂಗ್ಲಿಷಿನ ನಾಲ್ಕಕ್ಷರ ಅಲ್ಲಿ ಮೂರಾಯಿತು. ನಪುಂಸಕಲಿಂಗದಲ್ಲಿ ‘ಕುಲ್ಟ್’ ಎಂದಾಗಿ, ಅಂಧಭಕ್ತರ ಪಂಥಕ್ಕೆ ಹೇಳುವ ಪದದ ಹಾಗೇ ಕಾಣುತ್ತದೆ ಪಾಪ.

ಫ್ರೆಂಚರಿಗೆ ಇಷ್ಟೆಲ್ಲ ತಲೆಬಿಸಿ ಇಲ್ಲ. ಅವರ ಬಹುವಚನದ ‘ಎಸ್’ ಸಾಮಾನ್ಯವಾಗಿ ಬರವಣಿಗೆಯಲ್ಲಷ್ಟೇ ಇರುತ್ತದೆ, ಕಿವಿಗೆ ಬೀಳುವುದಿಲ್ಲ. ಹಾಗಾಗಿ ‘ಕೂಲ್’ ಅನ್ನು ಹಾಗೇ ಬಿಟ್ಟರೂ ಮಾತಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಬದಲಿಗೆ ಅವರು ಅದರಿಂದ ‘ಕೂಲಿತ್ಯೂದ್’ ಎಂಬ ನಾಮಪದ ಮಾಡಿಕೊಂಡರು. ಕೂಲ್‌ತನ ಅನ್ನಿ. ನನಗೆ ಮಾತ್ರ ಸೋವಿಯತ್ ಹಿಪ್ಪಿಗಳೇ ಜಾಸ್ತಿ ಇಷ್ಟ. ಇಂಗ್ಲಿಷಿನ ‘ಓಲ್ಡ್’ಗೆ ಅಪ್ಪಟ ರಷ್ಯನ್ ಪ್ರತ್ಯಯ ಹಚ್ಚಿ, ತಮ್ಮ ಗುಂಪಿನ ಹಳಬರನ್ನು ‘ಓಲ್ಡವಿ’ ಅಂದರು!

ಈಗ ಸರದಿ ಬೇರೆ ಪದಗಳದ್ದು. ಜರ್ಮನಿಯ ಲಾಂಗೆನ್‌ಶೈಟ್ ಪ್ರಕಾಶನ ಪ್ರಕಟಿಸುವ ವರ್ಷದ ಯುವಪದ 2020ರಲ್ಲಿ ‘ಲಾಸ್ಟ್’, 2021ರಲ್ಲಿ ‘ಕ್ರಿಂಜ್’, 2023ರಲ್ಲಿ ‘ಗೂಫಿ’. ಏನೂ ತೋಚದೆ ಪೆಚ್ಚಾದವನು ‘ಇಷ್ ಬಿನ್ ಲಾಸ್ಟ್’ ಅನ್ನುತ್ತಾನೆ. ಬಾಲ ಬೇಡದ ಜಾಗ ಅದು, ಅಲ್ವಾ? ಆದರೆ ‘ಐನ್ ಲಾಸ್ಟರ್ ಟ್ಯೂಪ್’ ಅನ್ನುವ ಹುಡುಗರೂ ಆಗಲೇ ಇದ್ದಾರೆ.