ಗಿಡದ್ದೇ ಅಲ್ವಾ ಡಾಕ್ಟ್ರೇ?

ಆಗಸ್ಟ್ ಮೊದಲ ವಾರ ಬಂತೆಂದರೆ ನನ್ನ ಓಪಿಡಿಯಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ‘ಮದ್ದು ಸೊಪ್ಪು ತಿಂದೆ ಡಾಕ್ಟ್ರೇ, ಮೂತ್ರ ಕೆಂಪಗೆ ಹೋಯ್ತು. ಮದ್ದು ಹಿಡಿದಿದೆ.’ ಕೊಡಗಿನಲ್ಲಿ ಈ ಸೊಪ್ಪು ತಿನ್ನುವ ದಿನವಾದ ಕಕ್ಕಡ ತಿಂಗಳ ಹದಿನೆಂಟಕ್ಕೆ ನಮ್ಮ ಮನೆಯಲ್ಲೂ ಅದರ ರಸದ ಮದ್ದು ಪಾಯಸ ಆಗುತ್ತದೆ. ಆ ನೇರಳೆ ಪಾಯಸಕ್ಕೆ ತುಪ್ಪ ಬಿಟ್ಟುಕೊಂಡು ತಿನ್ನುವುದಕ್ಕೆ ನನ್ನ ತಕರಾರಿಲ್ಲ. ತಕರಾರು ಇರುವುದು ‘ಹಿಡಿದಿದೆ’ ಎಂಬ ಮಾತಿನ ಬಗ್ಗೆ. ಮೂತ್ರದಲ್ಲಿ ಕಂಡದ್ದು ಮೈ ಬಿಟ್ಟು ಹೋಗುತ್ತಿರುವ ಬಣ್ಣ. (ಕೀಮೋ ನಡೆಯುತ್ತಿರುವವರು ಮಾತ್ರ ಎಲ್ಲವನ್ನೂ ಸೊಪ್ಪಿನ ತಲೆಗೆ ಕಟ್ಟಬೇಡಿ. ಡಾಕ್ಸೊರುಬಿಸಿನ್ ಎಂಬ ಕೆಂಪು ಕೀಮೋ ಔಷಧಿ ಕೊಟ್ಟ ದಿನವೂ ಮೂತ್ರ ಕೆಂಪಾಗುತ್ತದೆ, ರಕ್ತ ಹೋದರೂ ಕೆಂಪಾಗುತ್ತದೆ. ಬಂದು ಹೇಳಿ.)

ಈ ವರ್ಷ ಪೊನ್ನಂಪೇಟೆ ಕಡೆಯ ಅಕ್ಕ ಒಬ್ಬರು ಮಗನ ಜೊತೆ ಬಂದಿದ್ದರು. ಸ್ತನ ಕ್ಯಾನ್ಸರಿಗೆ ಆಪರೇಷನ್ ಆಗಿ ಎರಡು ವರ್ಷವಾಗಿದೆ, ದಿನಕ್ಕೊಂದು ಟ್ಯಾಮೊಕ್ಸಿಫೆನ್ ಮಾತ್ರೆ. ಬ್ಯಾಗಿನಿಂದ ಒಂದು ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಅರಿಶಿನದ ಸಾರ ಮತ್ತು ಕರಿಮೆಣಸಿನ ಸಾರ ಸೇರಿಸಿದ ಕ್ಯಾಪ್ಸೂಲ್. ‘ಕ್ಯಾನ್ಸರ್ ಹರಡೋದನ್ನ ತಡೆಯುತ್ತಂತೆ. ಗಿಡದ್ದೇ ಅಲ್ವಾ, ಏನೂ ಆಗಲ್ಲ.’ ಮಗನ ಕೈಯಲ್ಲಿ ವಾಟ್ಸಾಪ್‌ನಲ್ಲಿ ಬಂದ ಸಂಶೋಧನೆಯ ಪ್ರಿಂಟ್, ಬಾಯಲ್ಲಿ ಅಡಿಕೆ. ಅಡಿಕೆಯೂ ಗಿಡದ್ದೇ; ಅದು ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಮೊದಲು ಉಗಿದು ಬಾ ಮಾರಾಯ ಎಂದೆ.

ಪ್ರಿಂಟ್ ಓದಿದೆ. ಸುಳ್ಳಲ್ಲ. ಆದರೆ ಅಲ್ಲಿ ನಡೆದದ್ದೇನು ಎಂದು ಬಿಡಿಸಿ ಹೇಳಬೇಕು, ಏಕೆಂದರೆ ಎಲ್ಲರೂ ಎಡವುವುದು ಇಲ್ಲೇ. ಪ್ಲಾಸ್ಟಿಕ್ ತಟ್ಟೆಯ ತಳದಲ್ಲಿ ಕ್ಯಾನ್ಸರ್ ಕಣಗಳನ್ನು ಒಂದು ಪದರವಾಗಿ ಬೆಳೆಸುತ್ತಾರೆ. ಸಣ್ಣ ಮೊನೆಯಿಂದ ಆ ಪದರದ ನಡುವೆ ಒಂದು ಗೆರೆ ಕೆರೆಯುತ್ತಾರೆ. ಎರಡೂ ಬದಿಯ ಕಣಗಳು ತೆವಳಿಕೊಂಡು ಬಂದು, ಒಂದೆರಡು ದಿನದಲ್ಲಿ ಗೆರೆಯನ್ನು ಮುಚ್ಚುತ್ತವೆ. ಗಿಡದ ಸಾರ ಹಾಕಿದಾಗ ಗೆರೆ ಬೇಗ ಮುಚ್ಚದಿದ್ದರೆ ‘ಕಣಗಳ ಚಲನೆ ತಗ್ಗಿತು’ ಎಂದು ಬರೆಯುತ್ತಾರೆ. ಅದು ಪೇಪರಿಗೆ ಬರುವಾಗ ‘ಕ್ಯಾನ್ಸರ್ ಹರಡದಂತೆ ತಡೆಯುವ ಅರಿಶಿನ’ ಆಗಿರುತ್ತದೆ. ಪರೀಕ್ಷೆ ಒಳ್ಳೆಯದೇ, ಹುಡುಕಾಟ ಶುರುವಾಗುವುದು ಅಲ್ಲಿಂದಲೇ. ಆದರೆ ಆ ತಟ್ಟೆಗೆ ಕರುಳಿಲ್ಲ, ಲಿವರ್ ಇಲ್ಲ, ಮೂತ್ರಪಿಂಡವಿಲ್ಲ. ಸಾರವನ್ನು ನೇರವಾಗಿ ಕಣದ ಮೇಲೇ ಸುರಿದಿರುತ್ತಾರೆ. ನೀವು ನುಂಗಿದ್ದು ಗಡ್ಡೆಯ ತನಕ ಅಷ್ಟೇ ಪ್ರಮಾಣದಲ್ಲಿ ಹೋಗಬೇಕಲ್ಲ?

ಹೋಗುವುದಿಲ್ಲ. ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್, ಅಂದರೆ ಈ ಗುಣವೆಲ್ಲ ಇದೆ ಎನ್ನುವ ಹಳದಿ ಅಂಶ, ಇರುವುದು ಸುಮಾರು ಶೇ. 3. ಎರಡು ಗ್ರಾಂ ಕರ್ಕ್ಯುಮಿನ್ ಬೇಕೆಂದರೆ 60–70 ಗ್ರಾಂ ಪುಡಿ ನುಂಗಬೇಕು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು ಆರೋಗ್ಯವಂತರಿಗೆ ಶುದ್ಧ ಕರ್ಕ್ಯುಮಿನನ್ನೇ ಎರಡು ಗ್ರಾಂ ಕೊಟ್ಟು ನೋಡಿದ್ದರು. 1998ರಲ್ಲಿ ಪ್ರಕಟವಾದ ಅಧ್ಯಯನ ಅದು. ರಕ್ತದಲ್ಲಿ ಸಿಕ್ಕಿದ್ದು ಇದೆಯೋ ಇಲ್ಲವೋ ಎನ್ನುವಷ್ಟು. ಜೊತೆಗೆ 20 ಮಿಲಿಗ್ರಾಂ ಪೈಪರಿನ್, ಅಂದರೆ ಕರಿಮೆಣಸಿನ ಖಾರದ ಅಂಶ, ಕೊಟ್ಟಾಗ ಅದು 20 ಪಟ್ಟು ಏರಿತು. ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಅಚ್ಚಾಗಿರುವುದು ಈ ಇಪ್ಪತ್ತು ಪಟ್ಟೇ. ಇಲ್ಲದ್ದಕ್ಕೆ ಸಮನಾದದ್ದನ್ನು ಇಪ್ಪತ್ತು ಪಟ್ಟು ಮಾಡಿದರೆ ಎಷ್ಟಾದೀತು, ತೋಟದ ಲೆಕ್ಕ ಬರೆಯುವವರು ನೀವೇ ಹೇಳಿ.

‘ಮೆಣಸು ನಮ್ಮ ತೋಟದಲ್ಲೇ ಇದೆಯಲ್ಲ’ ಎಂದರು ಅಕ್ಕ. ಇದೆ. ಆದರೆ ಪೈಪರಿನ್ ಆ ಕೆಲಸ ಮಾಡುವುದು ಕರುಳು, ಲಿವರುಗಳಲ್ಲಿ ಔಷಧವನ್ನು ಒಡೆಯುವ ಕಿಣ್ವಗಳನ್ನು ತಡೆದು. ಅದೇ ದಾರಿಯಲ್ಲಿ ನಮ್ಮ ಮಾತ್ರೆಗಳೂ ಓಡಾಡುತ್ತವೆ. ಟ್ಯಾಮೊಕ್ಸಿಫೆನ್ ನುಂಗಿದ ಕೂಡಲೇ ಪೂರ್ತಿ ಕೆಲಸ ಮಾಡುವುದಿಲ್ಲ, ಲಿವರ್ ಅದನ್ನು ಎಂಡಾಕ್ಸಿಫೆನ್ ಎಂಬ ಬಲವಾದ ರೂಪಕ್ಕೆ ಮಾಡಿಕೊಡಬೇಕು. ನೆದರ್ಲೆಂಡಿನಲ್ಲಿ ಈ ಮಾತ್ರೆ ತೆಗೆದುಕೊಳ್ಳುತ್ತಿದ್ದವರಿಗೆ ಕರ್ಕ್ಯುಮಿನ್, ಪೈಪರಿನ್ ಎರಡೂ ಕೊಟ್ಟಾಗ ಎಂಡಾಕ್ಸಿಫೆನ್ ಸುಮಾರು ಶೇ. 12 ಇಳಿಯಿತು. 2019ರ ಚಿಕ್ಕ ಅಧ್ಯಯನ, ಎಲ್ಲರಿಗೂ ಹಾಗೇ ಆಗುತ್ತದೆ ಎನ್ನಲಾರೆ. ಆದರೂ ಕ್ಯಾನ್ಸರ್ ಮರಳದಿರಲೆಂದು ಕೊಟ್ಟ ಮಾತ್ರೆಯ ಬಲವನ್ನು, ಅದೇ ಆಸೆಯಿಂದ, ದುಡ್ಡು ಕೊಟ್ಟು ಇಳಿಸಿಕೊಳ್ಳುವುದೇಕೆ? ಇಂಥ ಕ್ಯಾಪ್ಸೂಲ್‌ಗಳಿಂದ ಲಿವರ್ ಕೆಟ್ಟ ವರದಿಗಳು ಇಟಲಿ, ಅಮೆರಿಕಗಳಿಂದಲೂ ಬಂದಿವೆ.

ಗಿಡಗಳ ಮೇಲೆ ನನಗೆ ಅಸಡ್ಡೆಯಿಲ್ಲ. ನನ್ನ ಅರ್ಧ ಕೆಲಸ ನಡೆಯುವುದೇ ಅವುಗಳಿಂದ. ಅಂಗಳದ ನಿತ್ಯಪುಷ್ಪದಿಂದ ವಿನ್‌ಕ್ರಿಸ್ಟಿನ್ ಎಂಬ ಕೀಮೋ ಔಷಧಿ ಬಂತು. ದೊಡ್ಡವರಿಗೆ ಒಂದು ಸಲಕ್ಕೆ ಸಾಮಾನ್ಯವಾಗಿ ಎರಡು ಮಿಲಿಗ್ರಾಂ ದಾಟಿಸುವುದಿಲ್ಲ, ದಾಟಿದರೆ ನರಗಳಿಗೆ ಪೆಟ್ಟು. ನಮ್ಮ ಘಟ್ಟದ ಕಾಡಿನ ದುರ್ವಾಸನೆ ಮರದಲ್ಲಿ ಕ್ಯಾನ್ಸರ್ ಕಣಗಳನ್ನು ಕೊಲ್ಲುವ ಕ್ಯಾಂಪ್ಟೊಥೆಸಿನ್ ಇದೆ. ಚೀನಾದ ಮರವೊಂದರಿಂದ ವಾಲ್ ಮತ್ತು ವಾನಿ ಎಂಬ ವಿಜ್ಞಾನಿಗಳು 1966ರಲ್ಲಿ ಅದನ್ನು ಬೇರ್ಪಡಿಸಿದರು. ರೋಗಿಗಳಿಗೆ ಕೊಟ್ಟು ನೋಡಿದಾಗ ಮೂತ್ರಕೋಶದಲ್ಲಿ ರಕ್ತಸ್ರಾವ. ಅದನ್ನು ಮಾರ್ಪಡಿಸಿ ಅಮೆರಿಕದಲ್ಲಿ ಔಷಧಿಗಳಾಗಿ ಒಪ್ಪಿಗೆ ಸಿಗುವಾಗ 1996 ಆಗಿತ್ತು. ಆ ಮೂವತ್ತು ವರ್ಷ ಸವೆದದ್ದು ಎಷ್ಟು ಕೊಡಬೇಕು, ಹೇಗೆ ಕೊಡಬೇಕು ಎಂಬುದಕ್ಕೆ. ಕಷಾಯದ ಲೋಟದಲ್ಲಿ ಅದಕ್ಕೆ ಉತ್ತರವಿಲ್ಲ.

ಅಕ್ಕ ಎಲ್ಲ ಕೇಳಿಸಿಕೊಂಡು, ‘ಹಾಗಾದ್ರೆ ಪಂದಿ ಕರಿಗೆ ಮೆಣಸು ಹಾಕಬಾರದಾ?’ ಎಂದರು. ಧಾರಾಳ ಹಾಕಿ, ಸಾರಿಗೆ ಅರಿಶಿನವನ್ನೂ ಹಾಕಿ, ಅಡುಗೆಯ ಅಳತೆಗೆ ನನ್ನ ಅಡ್ಡಿಯಿಲ್ಲ ಎಂದೆ. ಸಮಾಧಾನವಾಯಿತು. ಎದ್ದು ಬಾಗಿಲ ತನಕ ಹೋದವರು ಡಬ್ಬಿ ಹಿಡಿದು ತಿರುಗಿ ನಿಂತರು.

‘ದುಡ್ಡು ಕೊಟ್ಟಾಗಿದೆ. ನಮ್ಮ ಯಜಮಾನ್ರ ಮಂಡಿ ನೋವಿಗೆ ಕೊಡಲಾ?’

ಅವರು ಹೃದಯಕ್ಕೆಂದು ರಕ್ತ ತೆಳುವಾಗುವ ಮಾತ್ರೆ ಏನಾದರೂ ತೆಗೆದುಕೊಳ್ಳುತ್ತಾರಾ ಎಂದು ಕೇಳಿದೆ. ಹೌದಂತೆ, ನಾಲ್ಕು ವರ್ಷದಿಂದ. ಕೈ ಚಾಚಿ ಡಬ್ಬಿ ಇಸಿದುಕೊಂಡು ನನ್ನ ಡ್ರಾಯರಿಗೆ ಹಾಕಿ ಬೀಗ ತಿರುಗಿಸಿದೆ.