ಇನ್‌ವಾಯ್ಸ್ ಇದ್ದ ಮೇಲೆ ಪ್ಯಾಕಿಂಗ್ ಲಿಸ್ಟ್ ಯಾಕೆ?

ಪ್ರಶ್ನೆ: ನಮ್ಮ ತೋಟದ ಕಾಫಿ ಬೀಜವನ್ನು ಮೊದಲ ಸಲ ಹೊರದೇಶಕ್ಕೆ ಕಳುಹಿಸುತ್ತಿದ್ದೇವೆ. ಚೀಲವೆಷ್ಟು, ತೂಕವೆಷ್ಟು ಎಂಬುದು ಇನ್‌ವಾಯ್ಸ್‌ನಲ್ಲೇ ಇರುತ್ತದಲ್ಲ, ಪ್ಯಾಕಿಂಗ್ ಲಿಸ್ಟ್ ಬೇರೆ ಮಾಡಬೇಕೇ?

ಬೇರೆ ಮಾಡಲೇಬೇಕೆಂದು ನಿಯಮವಿಲ್ಲ. 2015ರ ಏಪ್ರಿಲ್‌ನಿಂದ ನಮ್ಮ ವಿದೇಶ ವ್ಯಾಪಾರ ನೀತಿ ಎಲ್ಲ ರಫ್ತಿಗೂ ಕಡ್ಡಾಯ ಮಾಡಿರುವುದು ಮೂರೇ ಕಾಗದ: ಬಿಲ್ ಆಫ್ ಲೇಡಿಂಗ್‌ನಂಥ ಸಾಗಣೆ ಪತ್ರ, ಕಸ್ಟಮ್ಸ್ ಇಲಾಖೆಗೆ ಸಲ್ಲಿಸುವ ಶಿಪ್ಪಿಂಗ್ ಬಿಲ್, ಇನ್‌ವಾಯ್ಸ್ ಮತ್ತು ಪ್ಯಾಕಿಂಗ್ ಲಿಸ್ಟ್ ಸೇರಿದ ಒಂದು ಪತ್ರ. ಕಾಫಿಗೆ ಬೀಜ ಯಾವ ದೇಶದ್ದೆಂದು ಹೇಳುವ ಕಾಫಿ ಮಂಡಳಿಯ ಮೂಲ ಪ್ರಮಾಣಪತ್ರ, ಸಸ್ಯ ಆರೋಗ್ಯ ಪ್ರಮಾಣಪತ್ರಗಳೂ ಸೇರುತ್ತವೆ.

ಆದರೂ ಎರಡನ್ನೂ ಬೇರೆಯಾಗಿಯೇ ಮಾಡಿ. ಇನ್‌ವಾಯ್ಸ್ ಹೇಳುವುದು ಹಣದ ಲೆಕ್ಕ, ಪ್ಯಾಕಿಂಗ್ ಲಿಸ್ಟ್ ಹೇಳುವುದು ಚೀಲದ ಲೆಕ್ಕ. ಎರಡನೆಯದು ಗೋದಾಮಿನವರು, ಲಾರಿಯವರು, ಬಂದರಿನವರು ಎಂದು ಹತ್ತು ಕೈ ದಾಟುತ್ತದೆ. ನೀವು ಕಿಲೋಗೆ ಯಾವ ದರಕ್ಕೆ ಮಾರಿದಿರಿ ಎಂಬುದು ಅವರಿಗೆಲ್ಲ ಏಕೆ ಗೊತ್ತಾಗಬೇಕು?

ಎಡವುವುದು ಹೆಚ್ಚಾಗಿ ತೂಕದಲ್ಲಿ. ಇಪ್ಪತ್ತು ಅಡಿಯ ಕಂಟೇನರಿಗೆ 60 ಕಿಲೋದ 320 ಗೋಣಿಚೀಲ ತುಂಬಿದಿರಿ ಎನ್ನಿ. ಬೀಜದ ನಿವ್ವಳ ತೂಕ 19,200 ಕಿಲೋ. ಖಾಲಿ ಚೀಲವೊಂದು 700 ಗ್ರಾಂ ತೂಗಿದರೆ ಚೀಲಗಳದ್ದೇ 224 ಕಿಲೋ. ಒಟ್ಟು ತೂಕ 19,424. ಇದಕ್ಕೆ ಕಂಟೇನರಿನ ಬಾಗಿಲ ಮೇಲೆ ಬರೆದಿರುವ ಅದರ ಸ್ವಂತ ತೂಕ, ಒಳಗೆ ಹಾಸಿದ ಕಾಗದದ ತೂಕ ಕೂಡಿಸಿದರೆ ಹಡಗಿನವರಿಗೆ ಕೊಡುವ ವಿಜಿಎಂ, ಅಂದರೆ ತುಂಬಿದ ಕಂಟೇನರಿನ ದೃಢೀಕರಿಸಿದ ಒಟ್ಟು ತೂಕ, ಸಿಗುತ್ತದೆ. 2016ರ ಜುಲೈ 1ರಿಂದ ಅದಿಲ್ಲದೆ ಕಂಟೇನರನ್ನು ಹಡಗಿಗೆ ಏರಿಸುವಂತಿಲ್ಲ.

ನಾನು ಈ ಕೆಲಸಕ್ಕೆ ಹೊಸಬನಾಗಿದ್ದಾಗ ಒಂದು ರಫ್ತಿನಲ್ಲಿ ನಿವ್ವಳ, ಒಟ್ಟು ಎರಡೂ ಕಡೆ 19,200 ಎಂದೇ ಅಚ್ಚಾಗಿತ್ತು. ಲಾರಿ ತೂಗುವ ವೇಬ್ರಿಡ್ಜಿನ ಚೀಟಿ ಬೇರೆಯೇ ಹೇಳಿತು. ಶಿಪ್ಪಿಂಗ್ ಬಿಲ್ ತಿದ್ದಿಸಲು ಅರ್ಜಿ ಕೊಟ್ಟು ಮುಗಿಸುವಷ್ಟರಲ್ಲಿ ಹಡಗು ಹೊರಟುಹೋಗಿತ್ತು. ಆ ಬೆಳೆಗಾರರ ಮುಖ ಇನ್ನೂ ಕಣ್ಣ ಮುಂದಿದೆ.

ಅಂದಿನಿಂದ ನಾನು ಪ್ಯಾಕಿಂಗ್ ಲಿಸ್ಟನ್ನೇ ಮೊದಲು ಬರೆಯುತ್ತೇನೆ, ಅದೂ ಚೀಲಗಳ ಬಾಯಿ ಹೊಲಿದು ತೂಕವಾದ ಮೇಲೆ, ಗೋದಾಮಿನಲ್ಲೇ ನಿಂತು. ಚೀಲದ ಮೇಲಿನ ಐಸಿಒ (ಅಂತರರಾಷ್ಟ್ರೀಯ ಕಾಫಿ ಸಂಸ್ಥೆ) ಗುರುತನ್ನೂ ಕಣ್ಣಾರೆ ನೋಡಿ ಬರೆದುಕೊಳ್ಳುತ್ತೇನೆ: ಭಾರತದ ಸಂಖ್ಯೆ 14, ಆಮೇಲೆ ರಫ್ತುದಾರರದ್ದು, ಕೊನೆಗೆ ಲಾಟಿನದ್ದು. ಇನ್‌ವಾಯ್ಸಿನ ತೂಕ ಈ ಪಟ್ಟಿಯಿಂದಲೇ ಬರಬೇಕು.

ಹಣ ಎಲ್‌ಸಿ (ಕಾಗದಗಳು ಸರಿಯಿದ್ದರೆ ಹಣ ಕೊಡುತ್ತೇವೆಂದು ಖರೀದಿದಾರರ ಬ್ಯಾಂಕ್ ಬರೆದುಕೊಡುವ ಭರವಸೆ ಪತ್ರ) ಮೂಲಕ ಬರುವುದಿದ್ದರೆ ಸರಕಿನ ವಿವರಣೆಯನ್ನು ಮಾತ್ರ ಎಲ್‌ಸಿಯಲ್ಲಿ ಇರುವಂತೆಯೇ ಇನ್‌ವಾಯ್ಸ್‌ಗೆ ಇಳಿಸಿ. ಎಲ್‌ಸಿ ಬೇರೆ ಗಡುವು ಹೇಳದಿದ್ದರೆ, ಹಡಗಿಗೆ ಏರಿದ 21 ದಿನದೊಳಗೆ ಕಾಗದಗಳು ಬ್ಯಾಂಕ್ ಸೇರಬೇಕು.